ಮಳೆ ನಿಂತರೂ ಮರದ ಹನಿ

ಮಡಿಕೇರಿ ತಾಲ್ಲೂಕಿನ ಒಂದು ಊರಿನಲ್ಲಿ ನನ್ನ ಚಿಕ್ಕಮ್ಮನ ಮನೆ. ಮುಂಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ನೀಲಿ ಬಣ್ಣದ ಬ್ಯಾಗು. ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಆರ್‌ಟಿಸಿ, ಆಧಾರ್ ಕಾರ್ಡು, ಪಾಸ್‌ಬುಕ್ಕು, ಚಿಕ್ಕಪ್ಪನ ಬಿ.ಪಿ. ಮಾತ್ರೆ, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಒಂದು ಟಾರ್ಚು. 2018ರ ಆಗಸ್ಟಿನ ನಂತರ ಆ ಬ್ಯಾಗು ಮೊಳೆಯಿಂದ ಇಳಿದದ್ದು ಹಳೇ ಮಾತ್ರೆ ತೆಗೆದು ಹೊಸದು ಇಡಲು, ಟಾರ್ಚಿನ ಸೆಲ್ ಬದಲಿಸಲು ಅಷ್ಟೇ. ಮನೆಯಲ್ಲಿ ಕರೆಂಟು ಹೋದರೆ ಮೇಣದಬತ್ತಿ ಹುಡುಕುತ್ತಿದ್ದರೇ ಹೊರತು ಆ ಟಾರ್ಚನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಅದೇ ಮನೆಯಲ್ಲಿ ಚಿಕ್ಕಪ್ಪನಿಗೂ ಮಳೆಯದ್ದೇ ಚಿಂತೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ಕಾಫಿ ಅರಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ ಕಣದಲ್ಲಿ ಹರವಿದ ಕಾಫಿಗೆ ಬೂಸ್ಟು ಹಿಡಿಯುತ್ತದೆ. ಇದರ ಜೊತೆಗೆ ಆಳು ಸಿಗುವುದಿಲ್ಲ, ಸಾಲದ ಕಂತು ಕಾಯುವುದಿಲ್ಲ, ಪಕ್ಕದ ತೋಟಕ್ಕೆ ಆನೆ ನುಗ್ಗಿತೆಂಬ ಸುದ್ದಿ. ರಾತ್ರಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರುತ್ತಾರೆ. ಊಟಕ್ಕೆ ಕೂತಾಗ ಸಣ್ಣದಕ್ಕೂ ಸಿಡುಕುತ್ತಾರೆ. ಆದರೆ ಮಾರ್ಚಿನಲ್ಲಿ ಒಂದು ಹದವಾದ ಮಳೆ ಬಿದ್ದು, ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆಂದಾಗ ಅವರ ಮುಖ ನೋಡಬೇಕು. ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ. ಆ ರಾತ್ರಿ ಅವರಿಗೆ ಹಾಸಿಗೆಗೆ ತಲೆ ಕೊಟ್ಟದ್ದೇ ಗೊತ್ತು.

ಒಂದೇ ಸೂರು, ಒಂದೇ ಮಳೆ, ಎರಡು ಬೇರೆ ಬೇರೆ ಸಂಕಟ. ನಾವು ಎರಡನ್ನೂ ಒಂದೇ ಹೆಸರಿನಿಂದ ಕರೆದೆವು: ಟೆನ್ಷನ್. ಮಗನ ಪಿಯುಸಿ ರಿಸಲ್ಟಿಗೆ ಟೆನ್ಷನ್, ಮದುವೆ ಛತ್ರ ಸಿಗದಿದ್ದರೆ ಟೆನ್ಷನ್, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಟೆನ್ಷನ್, ಗುಡ್ಡ ಕುಸಿದು ಬದುಕಿ ಬಂದವರಿಗೂ ಟೆನ್ಷನ್. ಕನ್ನಡದ ಮನೆಗಳಲ್ಲಿ ಈ ಒಂದು ಪದ ದಿಗಿಲು, ಗಾಬರಿ, ಕಳವಳ, ತಳಮಳ, ಅಂಜಿಕೆ ಎಲ್ಲವನ್ನೂ ನುಂಗಿ ಕೂತಿದೆ. ಹೆಸರು ಒಂದೇ ಆದಾಗ ಮದ್ದೂ ಒಂದೇ ಆಗುತ್ತದೆ: ‘ಟೆನ್ಷನ್ ಮಾಡ್ಕೋಬೇಡಿ, ಎಲ್ಲ ಸರಿ ಹೋಗುತ್ತೆ.’ ಚಿಕ್ಕಪ್ಪನ ವಿಷಯದಲ್ಲಿ ಅದು ನಿಜವಾಯಿತು. ಚಿಕ್ಕಮ್ಮನ ವಿಷಯದಲ್ಲಿ ಆ ಮಾತು ಮೂರು ವರ್ಷ ತಿಂದಿತು.

ಇಳಿಸಿದರೆ ಇಳಿಯುವ ಹೊರೆ

ದಿನನಿತ್ಯದ ಒತ್ತಡ ನಮಗೆಲ್ಲ ಪರಿಚಿತ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷಗಳ ಹಿಂದೆ ಬೆಕ್ಕಿನ ಎದುರು ನಾಯಿ ಬೊಗಳಿದಾಗ ಬೆಕ್ಕಿನ ರಕ್ತದಲ್ಲಿ ಏನಾಗುತ್ತದೆಂದು ನೋಡಿದ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಹೊಟ್ಟೆಯ ಕೆಲಸ ನಿಂತು ರಕ್ತವೆಲ್ಲ ಕೈಕಾಲಿನ ಮಾಂಸಖಂಡಗಳಿಗೆ ಹರಿಯುತ್ತದೆ. ಕಾದಾಡು, ಇಲ್ಲವೇ ಓಡು ಎಂದು ಮೈ ತಾನೇ ತಯಾರಾಗುವ ಬಗೆ ಅದು. 1936ರಲ್ಲಿ ಹಂಗೇರಿ ಮೂಲದ ವೈದ್ಯ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದ. ಇಲಿಗಳಿಗೆ ಚಳಿಯಾಗಲಿ, ಗಾಯವಾಗಲಿ, ಅತಿಯಾದ ದಣಿವಾಗಲಿ, ಕಷ್ಟ ಯಾವುದೇ ಇರಲಿ, ಮೈ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ ಎಂಬುದು ಅವನ ಮಾತು. ಮುಂದೆ ಅದಕ್ಕೆ ‘ಸ್ಟ್ರೆಸ್’ ಎಂಬ ಹೆಸರನ್ನು ಜಗತ್ತಿಗೆಲ್ಲ ಹಬ್ಬಿಸಿದವನೂ ಅವನೇ.

ಈ ಒತ್ತಡ ಶತ್ರುವಲ್ಲ. ಕಾಫಿ ಒಣಗಿಸುವಾಗ ಮೋಡ ಕಂಡು ಓಡೋಡಿ ಟಾರ್ಪಾಲು ಹೊದಿಸುವ ಚುರುಕು ಬರುವುದು ಅದರಿಂದಲೇ. ಅತಿಯಾದರೆ, ವರ್ಷಗಟ್ಟಲೆ ಇಳಿಯದೇ ಇದ್ದರೆ ರಕ್ತದೊತ್ತಡ, ನಿದ್ದೆಗೇಡು, ಖಿನ್ನತೆ ಹಿಂಬಾಲಿಸುತ್ತವೆ. ಕೆಲಸದ ಒತ್ತಡದಿಂದ ಮನುಷ್ಯ ಪೂರ್ತಿ ಬರಿದಾಗುವುದಕ್ಕೆ ಈಗ ‘ಬರ್ನ್‌ಔಟ್’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಯೆಂದು ಕರೆಯದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ಬೆಂಗಳೂರಿನ ಕಚೇರಿಗಳಲ್ಲಿ ಹಗಲು ರಾತ್ರಿ ದುಡಿಯುವ ಮಕ್ಕಳ ಕಷ್ಟವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಈ ಬಗೆಯ ಒತ್ತಡಕ್ಕೆಲ್ಲ ಒಂದು ಸಮಾನ ಗುಣವಿದೆ. ಅದರ ಕಾರಣ ಕಣ್ಣೆದುರಿಗಿರುತ್ತದೆ ಅಥವಾ ಮುಂದೆ ಬರಲಿಕ್ಕಿರುತ್ತದೆ. ಹೊರೆ ಇಳಿದರೆ ಮೈಯೂ ಇಳಿಯುತ್ತದೆ. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಂದರೆ, ಮನಸ್ಸು ಬಿಚ್ಚಿ ಯಾರೊಡನೆಯೋ ಮಾತಾಡಿದರೆ, ಸಾಲದ ಕೊನೆಯ ಕಂತು ಕಟ್ಟಿದರೆ ಉಸಿರು ಸಲೀಸಾಗುತ್ತದೆ.

ಚಿಕ್ಕಮ್ಮನ ಸಂಕಟದ ಕಾರಣ ಮುಂದೆಯೂ ಇರಲಿಲ್ಲ, ಎದುರಿಗೂ ಇರಲಿಲ್ಲ. ಅದು ಆಗಿ ಹೋಗಿತ್ತು. ಆಗಿ ಹೋದರೂ ಹೋಗಿರಲಿಲ್ಲ.

ಹಗ್ಗದ ಗಂಟು

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಗುಡ್ಡಗಳು ಒಂದರ ಹಿಂದೊಂದು ಜಾರಿದ್ದು ಓದುಗರಿಗೆ ನೆನಪಿರುತ್ತದೆ. ಮಡಿಕೇರಿ ಸಂಪಾಜೆ ನಡುವಿನ ಹೆದ್ದಾರಿ ಕಡಿದುಹೋಯಿತು. ಸೇನೆಯವರು, ಎನ್‌ಡಿಆರ್‌ಎಫ್‌ನವರು, ಊರಿನ ಹುಡುಗರು ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ಸಾವಿರಾರು ಮಂದಿ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಚಿಕ್ಕಮ್ಮನ ಮನೆ ಉಳಿಯಿತು. ಮೇಲಿನ ತೋಟದ ಅರ್ಧ ಭಾಗ, ಮನೆಯ ಹಿಂದಿನ ಬರೆ, ಕೊಟ್ಟಿಗೆ ಹೋಯಿತು. ಕೊಟ್ಟಿಗೆಯಲ್ಲಿ ಒಂದು ಹಸು ಇತ್ತು.

ಅದಾಗಿ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವರು ನನಗೆ ಅದನ್ನು ಹೇಳಿದರು. ಅಡುಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದೆವು. ಮಾತು ಎಲ್ಲಿಂದಲೋ ಅಲ್ಲಿಗೆ ಹೊರಳಿತು. “ಮೂರು ದಿನದಿಂದ ಕರೆಂಟಿರಲಿಲ್ಲ. ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದೆ. ಹಿಂದಿನ ಬಾಗಿಲಿಂದ ಕೆಸರು ನೀರು ಒಳಗೆ ಬಂತು” ಎಂದು ಶುರು ಮಾಡಿದರು. ಆಮೇಲೆ ಬೀಜ ಸುಲಿಯುವ ಕೈ ನಿಂತಿತು. “ಹಸು ಕೂಗ್ತಾ ಇದೆ. ನಾನು ಗಂಟು ಬಿಚ್ತಾ ಇದ್ದೇನೆ. ಹಗ್ಗ ನೆನೆದು ಬಿಗಿದುಕೊಂಡಿದೆ, ಬಿಚ್ಚಕ್ಕೆ ಆಗ್ತಾ ಇಲ್ಲ. ಇವರು ಕೈ ಹಿಡಿದು ಎಳೀತಾ ಇದ್ದಾರೆ. ಮಣ್ಣಿನ ವಾಸನೆ ಬರ್ತಾ ಇದೆ.” ಕಣ್ಣು ಗೋಡೆಯ ಮೇಲೆ ನೆಟ್ಟಿತ್ತು, ಬೆರಳುಗಳು ಗಾಳಿಯಲ್ಲಿ ಒಂದು ಗಂಟನ್ನು ಬಿಚ್ಚುತ್ತಿದ್ದವು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು.

ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಅವರ ಕ್ರಿಯಾಪದಗಳು. ತಮ್ಮ ಮದುವೆ, ಹೆರಿಗೆ, ಅಜ್ಜ ತೀರಿಕೊಂಡದ್ದು, ಎಲ್ಲವನ್ನೂ ಅವರು ‘ಬಂತು, ಆಯ್ತು, ಹೋದರು’ ಎಂದೇ ಹೇಳುತ್ತಾರೆ. ಆ ಬೆಳಗಿನ ಕತೆಯೂ ‘ಬಂತು’ ಎಂದೇ ಶುರುವಾಗಿತ್ತು. ಕೊಟ್ಟಿಗೆಯ ಹತ್ತಿರ ಬಂದದ್ದೇ ‘ತಾ ಇದೆ’ ಆಯಿತು. ವ್ಯಾಕರಣ ಕಲಿಸುವ ಮೇಷ್ಟ್ರು ಇದನ್ನು ತಪ್ಪೆಂದು ತಿದ್ದಿಯಾರು. ಮನೋವೈದ್ಯರಿಗೆ ಅದೇ ರೋಗದ ಗುರುತು.

ನೆನಪು ಸಾಮಾನ್ಯವಾಗಿ ಹೇಗೆ ಕೂಡಿಡಲ್ಪಡುತ್ತದೆ ಎನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ನಡೆದ ಸಂಗತಿಗೆ ‘ಎಲ್ಲಿ, ಯಾವಾಗ, ಯಾವುದರ ನಂತರ ಯಾವುದು’ ಎಂಬ ಕಟ್ಟು ಹಾಕುತ್ತದೆ. ಬಾದಾಮಿ ಆಕಾರದ ಅಮಿಗ್ಡಲ ಅಪಾಯವನ್ನು ಗುರುತಿಸಿ ಮೈಯನ್ನು ಎಚ್ಚರಿಸುತ್ತದೆ. ಜೀವವೇ ಹೋಗುವ ಗಳಿಗೆಯಲ್ಲಿ ಎಚ್ಚರಿಸುವ ಭಾಗ ಪೂರ್ತಿ ಬಲದಿಂದ ಕೆಲಸ ಮಾಡುತ್ತದೆ, ಕಟ್ಟು ಹಾಕುವ ಭಾಗ ಹಿಂದೆ ಬೀಳುತ್ತದೆ. ಹಾಗಾಗಿ ವಾಸನೆ, ಸದ್ದು, ಬೆರಳ ತುದಿಗೆ ತಾಗಿದ ನೆನೆದ ಹಗ್ಗದ ಒರಟು ಬಹಳ ಗಟ್ಟಿಯಾಗಿ ಉಳಿಯುತ್ತವೆ. ಅವುಗಳಿಗೆ ಅಂಟಬೇಕಾದ ತಾರೀಖು ಸರಿಯಾಗಿ ಅಂಟುವುದಿಲ್ಲ. ತಾರೀಖಿಲ್ಲದ ನೆನಪು ಮನಸ್ಸಿಗೆ ನೆನಪಿನ ಹಾಗೆ ಬರುವುದಿಲ್ಲ, ಈಗ ನಡೆಯುತ್ತಿರುವ ಸಂಗತಿಯ ಹಾಗೆ ಬರುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಹಿಗ್ಗಿನಿಂದ ಮೂಗಿಗೆಳೆದುಕೊಳ್ಳದ ಕನ್ನಡಿಗರು ಯಾರಿದ್ದಾರೆ? ಆ ವಾಸನೆ ಬಂದರೆ ಚಿಕ್ಕಮ್ಮ ಕಿಟಕಿ ಮುಚ್ಚಿ ವಾಂತಿ ಮಾಡಿಕೊಳ್ಳುತ್ತಿದ್ದರು.

ರಸ್ತೆ ಕೆಲಸಕ್ಕೆ ಜೆಸಿಬಿ ಬಂದರೆ ಅವರ ಕೈ ನಡುಗುತ್ತಿತ್ತು. ಪಾತ್ರೆ ಜಾರಿ ಬಿದ್ದರೆ ಎಗರಿ ಬೀಳುತ್ತಿದ್ದರು. ಮನೆಗೆ ಪ್ಯಾಕೆಟ್ ಹಾಲು ಬರತೊಡಗಿತು, ಹಸುವಿನ ಮಾತೆತ್ತಿದರೆ ಎದ್ದು ಹೋಗುವರು. ಆಟಿ ಹದಿನೆಂಟರಂದು ಮದ್ದುಸೊಪ್ಪು ತಂದು ಪಾಯಸ ಮಾಡಿ ಊರಿಗೆಲ್ಲ ಹಂಚುತ್ತಿದ್ದವರು ಅದನ್ನೂ ಬಿಟ್ಟರು. ಸೊಪ್ಪು ಸಿಗುವುದು ಹಿಂದಿನ ಗುಡ್ಡದಲ್ಲಿ. ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗ ಎಲ್ಲರೂ ಕುಣಿದಾಡುತ್ತಿದ್ದರೆ ಅವರು ‘ಹೌದಾ, ಒಳ್ಳೇದಾಯ್ತು’ ಎಂದು ಸುಮ್ಮನಾದರು. “ಖುಷಿ ಆಗ್ಬೇಕು ಅಂತ ಗೊತ್ತಾಗುತ್ತೆ, ಆಗಲ್ಲ” ಎಂದು ಆಮೇಲೆ ನನ್ನೊಡನೆ ಹೇಳಿದರು. ಎಲ್ಲಕ್ಕಿಂತ ಕೆಳಗೆ, ಬಂಡೆಯ ಹಾಗೆ ಇದ್ದದ್ದು ಒಂದೇ ಮಾತು: ನಾನು ಬಿಚ್ಚಲಿಲ್ಲ.

ವೈದ್ಯರ ಪುಸ್ತಕದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಹೇಳುವ ಲಕ್ಷಣಗಳು ಇವೇ. ಘಟನೆ ಮತ್ತೆ ಮತ್ತೆ ಒಳನುಗ್ಗುವುದು, ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು, ಭಾವನೆ ಮರಗಟ್ಟುವುದು, ತನ್ನನ್ನೇ ದೂರುವುದು, ಮೈ ಸದಾ ಕಾವಲಿನಲ್ಲಿರುವುದು. ಇದು ಒಂದು ತಿಂಗಳಿಗಿಂತ ಹೆಚ್ಚು ಉಳಿದು ದಿನದ ಬದುಕನ್ನು ಕೆಡಿಸಿದರೆ ಕಾಯಿಲೆ. ಮೊದಲ ಕೆಲವು ವಾರಗಳಲ್ಲಿ ಯಾರಿಗಾದರೂ ಹೀಗಾಗುವುದು ಸಹಜ, ಬಹಳ ಮಂದಿಯಲ್ಲಿ ಅದು ತಾನೇ ತಗ್ಗುತ್ತದೆ. ಕಷ್ಟಗಳೆಲ್ಲ ಆಘಾತವಲ್ಲ ಎಂಬುದೂ ಮುಖ್ಯ. ಸಾವು, ತೀವ್ರ ಗಾಯ, ಲೈಂಗಿಕ ಹಿಂಸೆ ಇವುಗಳನ್ನು ಸ್ವತಃ ಎದುರಿಸಿದಾಗ, ಕಣ್ಣಾರೆ ಕಂಡಾಗ, ತೀರಾ ಹತ್ತಿರದವರಿಗೆ ಹಾಗಾದಾಗ ಬಳಸುವ ಪದ ಅದು. ಟ್ರಾಮಾ ಎಂಬ ಗ್ರೀಕ್ ಪದದ ಅರ್ಥ ಗಾಯ. ಬಾಸ್ ಬೈದದ್ದು, ಪ್ರೀತಿ ಮುರಿದದ್ದು ನೋವೇ ಸರಿ. ಆದರೆ ಅವಕ್ಕೆಲ್ಲ ‘ಟ್ರಾಮಾ’ ಎನ್ನುವ ಈಗಿನ ರೂಢಿ ನನಗೆ ಕಸಿವಿಸಿ ತರುತ್ತದೆ. ಪದ ಅಗ್ಗವಾದಷ್ಟೂ ನಿಜವಾಗಿ ಗಾಯಗೊಂಡವರ ದನಿ ಗದ್ದಲದಲ್ಲಿ ಕೇಳದೇ ಹೋಗುತ್ತದೆ.

ಆ ಬ್ಯಾಗಿನ ವಿಷಯ. ಅದನ್ನು ನಾನು ರೋಗದ ಲೆಕ್ಕಕ್ಕೆ ಸೇರಿಸುವುದಿಲ್ಲ. 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿದು ಜೀವಗಳು ಹೋದವು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯದ ಗಡಿಯಲ್ಲಿ ಭೂಮಿ ಹಲವು ಸಲ ಕಂಪಿಸಿತು. ಅಂಥ ನೆಲದಲ್ಲಿ ಮಳೆಗಾಲಕ್ಕೆ ಕಾಗದಪತ್ರ ಕಟ್ಟಿಡುವುದು ಬುದ್ಧಿವಂತಿಕೆ. ಜನವರಿಯ ಬಿರುಬಿಸಿಲಿನ ದಿನವೂ ಅವರು ರಾತ್ರಿ ಕಾಲಿಗೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದರಲ್ಲ, ಅದು ರೋಗ.

ಮೊದಲು ತೋರಿಸಿದ್ದು ಎದೆ ಡಬಡಬ ಎನ್ನುತ್ತದೆಂದು. ಇಸಿಜಿ ಮಾಡಿ ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಎಂದರು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಇನ್ನೊಂದು ಕಡೆ ನಿದ್ದೆ ಮಾತ್ರೆ. ನಡುವೆ ಅತ್ತೆಯವರು ‘ಹೆದರಿಕೆ ಹಿಡಿದಿದೆ’ ಎಂದು ತೋಳಿಗೆ ನೂಲು ಕಟ್ಟಿಸಿದರು. ಹಳಬರ ಆ ಮಾತು, ಯೋಚಿಸಿದರೆ, ಇಸಿಜಿಗಿಂತ ಹತ್ತಿರದಲ್ಲಿತ್ತು. ಹೆದರಿಕೆ ಹಿಡಿದುಕೊಂಡಿತ್ತು, ಬಿಡುತ್ತಿರಲಿಲ್ಲ. ನೆಂಟರು ಬಂದಾಗ ಹೇಳುವುದು ಒಂದೇ: “ಮನೆ ಉಳಿಯಿತಲ್ಲ, ನಿಮ್ಮ ಪುಣ್ಯ. ಮನೆಮಠ ಕಳೆದುಕೊಂಡವರೇ ಸುಧಾರಿಸಿಕೊಂಡಿದ್ದಾರೆ.” ನಾನೂ ಅದನ್ನೇ ಹೇಳಿದ್ದೇನೆ. ‘ಮರೆತುಬಿಡಿ ಚಿಕ್ಕಮ್ಮ, ಎರಡು ತಿಂಗಳು ಬೆಂಗಳೂರಿಗೆ ಬಂದು ಆರಾಮಾಗಿರಿ’ ಎಂದು ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಚೆನ್ನಾಗಿಯೇ ಇದ್ದರು. ವಾಪಸು ಹೋಗುವಾಗ ಕುಶಾಲನಗರ ದಾಟಿ ಗುಡ್ಡ ಕಾಣಿಸಿದ್ದೇ ಬಸ್ಸಿನಲ್ಲಿ ಉಸಿರು ಸಿಕ್ಕಿಕೊಂಡಿತು. ಮೊದಲಿಗಿಂತ ಹೆಚ್ಚಾಯಿತು.

ನನ್ನ ತಪ್ಪು ಎಲ್ಲಿತ್ತೆಂದು ತಿಳಿಯಲು ಬಹಳ ದಿನ ಬೇಕಾಯಿತು. ದಿನನಿತ್ಯದ ಒತ್ತಡಕ್ಕೆ ವಿಶ್ರಾಂತಿ ಮದ್ದು. ಆಘಾತಕ್ಕೆ, ಅದರಿಂದ ದೂರ ಓಡುವ ವಿಶ್ರಾಂತಿ ಗೊಬ್ಬರ. ಕೊಟ್ಟಿಗೆಯತ್ತ ಹೋಗದೇ ಇದ್ದಾಗ ಆ ಗಳಿಗೆಗೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ‘ನೋಡು, ಹೋಗದಿದ್ದದ್ದಕ್ಕೆ ಬದುಕಿದೆ’ ಎಂದು ಮಿದುಳಿಗೆ ಪಾಠ ಹೇಳುತ್ತದೆ. ಹೀಗೆ ಒಂದೊಂದೇ ಜಾಗ ಬಿಟ್ಟು ಕೊನೆಗೆ ಮನುಷ್ಯನಿಗೆ ಉಳಿಯುವುದು ಬಾಗಿಲ ಹಿಂದಿನ ಒಂದು ಮೂಲೆ. ಇಬ್ಬರಿಗೂ ಒಂದೇ ಹೆಸರು ಕೊಟ್ಟು, ಚಿಕ್ಕಪ್ಪನ ಮದ್ದನ್ನು ನಾವು ಚಿಕ್ಕಮ್ಮನಿಗೆ ಕುಡಿಸಿದ್ದೆವು.

ಡೇರೆಗೆ ಹತ್ತಿದ ಬೆಂಕಿ

ಈ ಕಾಯಿಲೆಗೆ ಹೆಸರು ಸಿಕ್ಕಿದ್ದು ತಡವಾಗಿ, ಸಂಕಟ ಮಾತ್ರ ಹಳೆಯದು. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್‌ನಲ್ಲಿ ಸೇತುವೆಯ ಮೇಲೆ ರೈಲು ಹಳಿ ತಪ್ಪಿತು. ಆ ರೈಲಿನಲ್ಲಿದ್ದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬದುಕುಳಿದ, ಕೆಳಗಿಳಿದು ಗಾಯಾಳುಗಳಿಗೆ ನೀರು ಕುಡಿಸಿದ. ಆಮೇಲೆ ಅವನಿಗೆ ರೈಲೆಂದರೆ ಭಯ, ಪ್ರಯಾಣದ ನಡುವೆ ಇದ್ದಕ್ಕಿದ್ದಂತೆ ನಡುಕ. ಅಪಘಾತವಾಗಿ ಸರಿಯಾಗಿ ಐದು ವರ್ಷಕ್ಕೆ, ಅದೇ ಜೂನ್ 9ರಂದು ತೀರಿಕೊಂಡ. ಮೊದಲ ಮಹಾಯುದ್ಧದಲ್ಲಿ ಇದಕ್ಕೆ ‘ಶೆಲ್ ಶಾಕ್’ ಎಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞ ವೈದ್ಯಕೀಯ ಪತ್ರಿಕೆಯಲ್ಲಿ ಆ ಹೆಸರಿನಡಿ ಬರೆದ. ಕಂದಕದಿಂದ ಓಡಿಹೋದರೆಂದು, ಹೇಡಿತನ ತೋರಿದರೆಂದು ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಮಂದಿಯ ಕೈ ಚಿಕ್ಕಮ್ಮನ ಕೈಯ ಹಾಗೆ ನಡುಗುತ್ತಿತ್ತೋ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು, ಅವರ ಪರವಾಗಿ ನಿಂತ ವೈದ್ಯರು ಪಟ್ಟುಹಿಡಿದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಕಾಯಿಲೆಗೆ ಈಗಿನ ಹೆಸರು ಕೊಟ್ಟಿತು.

ಅದಾದ ಮರುವರ್ಷ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಅವರಲ್ಲಿ ಬಹುಪಾಲು ಮಕ್ಕಳು. ಆ ತಲೆಮಾರಿನ ಬೆಂಗಳೂರಿಗರು ಇವತ್ತಿಗೂ ಅದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ನಿಮ್ಹಾನ್ಸ್‌ನ ತಜ್ಞರು ಮೃತರ ಕುಟುಂಬದವರ ದುಃಖವನ್ನು ಅಧ್ಯಯನ ಮಾಡಿ 1987ರಲ್ಲಿ ತಮ್ಮ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದುರಂತವೊಂದು ಮನಸ್ಸಿಗೆ ಮಾಡುವ ಗಾಯವನ್ನು ನಮ್ಮ ದೇಶದಲ್ಲಿ ಶಾಸ್ತ್ರೀಯವಾಗಿ ನೋಡಿದ ಮೊದಮೊದಲ ಕೆಲಸಗಳಲ್ಲಿ ಅದೊಂದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಅನಿಲ ಸೋರಿದಾಗ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತವರ ಸಂಗಡಿಗರು ಅಲ್ಲಿಗೆ ಹೋಗಿ, ಸಾಮಾನ್ಯ ವೈದ್ಯರಿಗೇ ಮನಸ್ಸಿನ ಗಾಯ ಗುರುತಿಸುವ ತರಬೇತಿ ಕೊಟ್ಟರು. ಎಲ್ಲ ಊರಿಗೂ ಮನೋವೈದ್ಯರನ್ನು ಕಳಿಸಲಾಗದ ದೇಶದಲ್ಲಿ ಇದು ದೊಡ್ಡ ದಾರಿ. ಅದೇ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ನಡೆದು, ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಿಕ್ಕಮ್ಮನಿಗೆ ಕೊನೆಗೆ ಬಾಗಿಲು ತೆರೆದದ್ದೂ ಜಿಲ್ಲಾ ಮಟ್ಟದ ಇಂಥದೇ ಒಂದು ಸೇವೆ.

ಎಲ್ಲರಿಗೂ ಹೀಗಾಗುತ್ತದೆಯೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು ಶೇಕಡಾ 70 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಆಘಾತವಾಗಬಲ್ಲ ಘಟನೆಯನ್ನು ಎದುರಿಸುತ್ತಾರೆ, ಅವರಲ್ಲಿ ಈ ಕಾಯಿಲೆಗೆ ಬೀಳುವವರು ಶೇಕಡಾ 5.6. ಯುದ್ಧ, ಲೈಂಗಿಕ ಹಿಂಸೆಗಳ ನಂತರ ಪ್ರಮಾಣ ಬಹಳ ಹೆಚ್ಚು. ಪರಿಹಾರ ಕೇಂದ್ರದಲ್ಲಿ ಚಿಕ್ಕಮ್ಮನ ಪಕ್ಕದ ಚಾಪೆಯಲ್ಲಿ ಮಲಗಿದ್ದವರು ಮನೆ, ಗದ್ದೆ ಎಲ್ಲ ಕಳೆದುಕೊಂಡವರು. ಅವರು ಈಗ ಬೇರೆ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಮಳೆಯಲ್ಲಿ ಕೊಡೆ ಹಿಡಿದು ಓಡಾಡುತ್ತಾರೆ. ಇದು ಧೈರ್ಯ, ಅಧೈರ್ಯದ ಲೆಕ್ಕವಲ್ಲ. ಹಿಂದೆ ಅನುಭವಿಸಿದ ಆಘಾತಗಳು, ಘಟನೆಯಲ್ಲಿ ಎಷ್ಟು ಹತ್ತಿರ ಸಿಕ್ಕಿಕೊಂಡರು, ಆಮೇಲೆ ಜೊತೆಗೆ ಯಾರಿದ್ದರು ಎಂಬುದೆಲ್ಲ ಸೇರಿ ಆಗುವ ಸಂಗತಿ. ಅದರಲ್ಲೂ ಆಮೇಲಿನ ಜೊತೆ ದೊಡ್ಡದು. ಪರಿಹಾರ ಕೇಂದ್ರಕ್ಕೆ ಹೋಗುವ ಸ್ವಯಂಸೇವಕರಿಗೆ ಒಂದು ಮಾತು ಹೇಳಲೇಬೇಕು. ಬದುಕಿ ಬಂದವರನ್ನು ಮರುದಿನವೇ ಕೂರಿಸಿ ‘ಏನಾಯ್ತು, ಎಲ್ಲ ಬಿಡಿಸಿ ಹೇಳಿ, ಹಗುರಾಗುತ್ತೆ’ ಎಂದು ಕೆದಕುವುದು ಉಪಕಾರವಲ್ಲ. ಅದರಿಂದ ಕಾಯಿಲೆ ತಡೆಯಲಾಗುವುದಿಲ್ಲ, ಕೆಲವರಿಗೆ ಕೇಡೇ ಆಗಬಹುದೆಂದು ಪರೀಕ್ಷೆಗಳು ತೋರಿಸಿವೆ. ಮೊದಲು ಬೇಕಾದದ್ದು ಒಣಬಟ್ಟೆ, ಬಿಸಿ ಗಂಜಿ, ಮನೆಯವರ ಸುದ್ದಿ, ಇಲ್ಲಿ ನೀವು ಸುರಕ್ಷಿತ ಎಂಬ ಭರವಸೆ. ಅವರಾಗಿ ಮಾತಾಡಿದರೆ ಕೇಳುವ ಕಿವಿ. ಟಿ.ವಿ. ಮೈಕು ಹಿಡಿದು ‘ಆ ಕ್ಷಣ ಹೇಗನಿಸಿತು’ ಎಂದು ಕೇಳುವವರೂ ಇದನ್ನು ಓದಲಿ.

ಮತ್ತೆ ಕೊಟ್ಟಿಗೆಗೆ

ಮೂರು ವರ್ಷದ ಮೇಲೆ ಮಡಿಕೇರಿಯಲ್ಲಿ ಒಬ್ಬ ಮನೋವೈದ್ಯೆ ಚಿಕ್ಕಮ್ಮನ ಮಾತು ಪೂರ್ತಿ ಕೇಳಿ ‘ನಿಮಗಾಗಿರೋದು ಟೆನ್ಷನ್ ಅಲ್ಲಮ್ಮ, ಗಾಯ. ಗಾಯಕ್ಕೆ ಚಿಕಿತ್ಸೆ ಇದೆ’ ಎಂದರು. ಅಂದು ಸಂಜೆ ಫೋನಿನಲ್ಲಿ ಚಿಕ್ಕಮ್ಮ ಅತ್ತದ್ದು ನೆಮ್ಮದಿಯಿಂದ.

ಖಿನ್ನತೆಗೆ ಕೊಡುವ ಒಂದು ಬಗೆಯ ಮಾತ್ರೆ ಶುರು ಮಾಡಿ, ನಿದ್ದೆ ಮಾತ್ರೆಯನ್ನು ನಿಧಾನಕ್ಕೆ ಬಿಡಿಸಿದರು. ನಿದ್ದೆ ಮಾತ್ರೆ ಈ ಗಾಯವನ್ನು ಮಾಗಿಸುವುದಿಲ್ಲ, ಅಭ್ಯಾಸ ಮಾತ್ರ ಅಂಟಿಸುತ್ತದೆ. ಮುಖ್ಯ ಚಿಕಿತ್ಸೆ ಮಾತಿನದು. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ವಿಧಾನವಿದೆ. ಅದನ್ನು 1980ರ ದಶಕದ ಕೊನೆಯಲ್ಲಿ ರೂಪಿಸಿದವರು ಫ್ರಾನ್ಸೀನ್ ಶಪೀರೊ. ಚಿಕ್ಕಮ್ಮನಿಗೆ ಮಾಡಿದ್ದು ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ಬೆಳೆಸಿದ ಇನ್ನೊಂದು ವಿಧಾನ. ವಾರಕ್ಕೊಮ್ಮೆ, ಸುಮಾರು ಒಂದೂವರೆ ಗಂಟೆ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಸಲ.

ಅದರಲ್ಲಿ ಎರಡು ಕೆಲಸ. ಮೊದಲನೆಯದು, ಕಣ್ಣು ಮುಚ್ಚಿ ಆ ಬೆಳಗನ್ನು ಮೊದಲಿಂದ ಕೊನೆತನಕ ಹೇಳುವುದು, ಅದೂ ಈಗ ನಡೆಯುತ್ತಿರುವ ಹಾಗೆ. ಚಿಕ್ಕಮ್ಮನ ‘ತಾ ಇದೆ’ಯನ್ನು ಅಲ್ಲಿ ಬೇಕೆಂದೇ ಕರೆದರು. ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ದಿನಾ ಕೂತು ಕೇಳಬೇಕು. ಪರಿಹಾರ ಕೇಂದ್ರದಲ್ಲಿ ಕೆದಕುವುದಕ್ಕೂ ಇದಕ್ಕೂ ಅಜಗಜಾಂತರ. ಇಲ್ಲಿ ಕಾಲ ಸಂದಿದೆ, ಪಕ್ಕದಲ್ಲಿ ತಿಳಿದವರಿದ್ದಾರೆ, ಬೇಕೆಂದಾಗ ನಿಲ್ಲಿಸಬಹುದು. ಮೊದಲ ಎರಡು ವಾರ ಚಿಕ್ಕಮ್ಮನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಚಿಕ್ಕಪ್ಪ ‘ಸಾಕು, ಬೇಡ’ ಎಂದು ನನಗೆ ಫೋನ್ ಮಾಡಿದರು. ಬಿಡಲಿಲ್ಲ.

ಎರಡನೆಯದು, ಬಿಟ್ಟ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಸಿದರು. ಕಿಟಕಿ ತೆರೆದು ಮಳೆ ನೋಡುವುದು. ಚಪ್ಪಲಿ ಬಿಟ್ಟು ಮಲಗುವುದು. ಹಿಂದಿನ ಬಾಗಿಲು ತೆರೆಯುವುದು. ನೆನೆದ ಹಗ್ಗವನ್ನು ಕೈಯಲ್ಲಿ ಹಿಡಿದು ಕೂರುವುದು. ಇದಕ್ಕೆ ಅವರು ಕೊಟ್ಟ ಅಂಕ ನೂರಕ್ಕೆ ತೊಂಬತ್ತು. ಕೊನೆಯ ಸಾಲು, ಕೊಟ್ಟಿಗೆ ಇದ್ದ ಜಾಗದಲ್ಲಿ ಅರ್ಧ ಗಂಟೆ ನಿಲ್ಲುವುದು. ಆ ನೋಟ್‌ಬುಕ್ಕು ನಾನು ನೋಡಿದ್ದೇನೆ. ಹಾಲಿನ ಲೆಕ್ಕ ಬರೆಯುತ್ತಿದ್ದ ಹಳೇ ಪುಸ್ತಕದ ಹಿಂದಿನ ಪುಟಗಳು ಅವು.

ಎಂಟನೆಯ ವಾರದ ರೆಕಾರ್ಡನ್ನು ಅವರು ನನಗೂ ಕೇಳಿಸಿದರು. ಮಾತು ಕೊಟ್ಟಿಗೆಯ ಹತ್ತಿರ ಬರುತ್ತಿದ್ದಂತೆ ನಾನು ಉಸಿರು ಬಿಗಿಹಿಡಿದೆ. “ಹಸು ಕೂಗ್ತಾ ಇದೆ” ಎಂದಿತು ದನಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಗ್ತಾ ಇತ್ತು” ಎಂದಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಇನ್ನೂ ಒಂದು ಮಾತಿತ್ತು: “ಬಿಚ್ಚಕ್ಕೆ ಆಗಲಿಲ್ಲ. ನೆನೆದಿತ್ತು.” ಬಿಚ್ಚಲಿಲ್ಲ ಎಂಬುದು ಬಿಚ್ಚಕ್ಕೆ ಆಗಲಿಲ್ಲ ಎಂದಾಗಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇಂಥ ಚಿಕಿತ್ಸೆ ಬಲ್ಲವರು ಜಿಲ್ಲೆಗಳಲ್ಲಿ ಇನ್ನೂ ಕಡಿಮೆ. ಆದರೆ ಮೊದಲ ಹೆಜ್ಜೆಗೆ ಈಗ ಫೋನಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ಸಂಖ್ಯೆ 14416. ನಿಮ್ಹಾನ್ಸ್ ಅದರ ಮುಂದಾಳು. ಕನ್ನಡದಲ್ಲಿ, ದಿನದ 24 ಗಂಟೆಯೂ, ದುಡ್ಡಿಲ್ಲದೆ ಮಾತಾಡಬಹುದು. ಮನೆಯಲ್ಲಿ ಅಪಘಾತದಿಂದ ಬದುಕಿ ಬಂದವರು, ಹೊಡೆತ ತಿಂದ ಹೆಣ್ಣುಮಕ್ಕಳು, ಹೆಣ ಎತ್ತಿದ ಪೊಲೀಸರು, ಆಂಬುಲೆನ್ಸ್ ಓಡಿಸುವವರು ಇದ್ದರೆ, ತಿಂಗಳು ಕಳೆದರೂ ಬೆಚ್ಚಿ ಬೀಳುವುದು ನಿಲ್ಲದಿದ್ದರೆ, ದಯವಿಟ್ಟು ‘ಮರೆತುಬಿಡು’ ಎನ್ನಬೇಡಿ. ಮರೆಯಲು ಆಗುತ್ತಿದ್ದರೆ ಎಂದೋ ಮರೆಯುತ್ತಿದ್ದರು. ಆ ಸಂಖ್ಯೆಯನ್ನು ಅವರ ಕೈಗೆ ಕೊಡಿ, ಜೊತೆಗೆ ಕೂತು ಡಯಲ್ ಮಾಡಿ.

ಚಿಕ್ಕಮ್ಮ 2023ರಲ್ಲಿ ಮನೆಯ ಪಕ್ಕ, ಬರೆಯಿಂದ ದೂರದಲ್ಲಿ, ಹೊಸ ಕೊಟ್ಟಿಗೆ ಕಟ್ಟಿಸಿದರು. ಒಂದು ಹಸು ಬಂತು. ಅದರ ಹಗ್ಗಕ್ಕೆ ಅವರು ಹಾಕುವ ಗಂಟು ಬೇರೆ: ತುದಿ ಹಿಡಿದು ಒಂದು ಸಲ ಎಳೆದರೆ ಪೂರ್ತಿ ಬಿಚ್ಚಿಕೊಳ್ಳಬೇಕು, ನೆನೆದಿದ್ದರೂ. ನನಗೂ ಕಲಿಸಿಕೊಟ್ಟರು.

2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಎರಡು ವಾರಕ್ಕೆ, 30ರ ನಸುಕಿನಲ್ಲಿ, ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳೇ ಕೊಚ್ಚಿಹೋದವು. ಟಿ.ವಿ.ಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಅದೇ ಚಿತ್ರ. ಚಿಕ್ಕಮ್ಮನ ನಡುಕ ಮರಳಿತು, ಮೂರು ರಾತ್ರಿ ನಿದ್ದೆಯಿಲ್ಲ. ಮತ್ತೆ ಮೊದಲಿನ ಹಾಗಾದರೆ ಏನು ಗತಿ ಎಂದು ಎಲ್ಲರೂ ಹೆದರಿದೆವು. ಅವರೇ ಟಿ.ವಿ. ಆರಿಸಿ, ಮಡಿಕೇರಿಯ ವೈದ್ಯೆಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು.

ಆ ವಾರವೇ ಹಸುವಿಗೆ ದಿನ ತುಂಬಿತ್ತು. ರಾತ್ರಿ ಹನ್ನೊಂದಕ್ಕೆ ಜಡಿಮಳೆ, ಕರೆಂಟಿಲ್ಲ. ಹಸು ಕೂಗಿತು. ಚಿಕ್ಕಪ್ಪ ಎದ್ದು ಮೇಣದಬತ್ತಿ ತಡಕಾಡುವಷ್ಟರಲ್ಲಿ ಚಿಕ್ಕಮ್ಮ ಬಾಗಿಲ ಹಿಂದಿನ ಬ್ಯಾಗು ಬಿಚ್ಚಿ ಟಾರ್ಚು ತೆಗೆದುಕೊಂಡು, ಗೊಬ್ಬರದ ಚೀಲವನ್ನು ತಲೆಗೆ ಹಾಕಿಕೊಂಡು ಅಂಗಳಕ್ಕೆ ಇಳಿದಿದ್ದರಂತೆ.

ಬೆಳಿಗ್ಗೆ ಆರಕ್ಕೆ ನನ್ನ ಫೋನು ಹೊಡೆದುಕೊಂಡಿತು.

“ಕರು ಹಾಕ್ತು ಮಾರಾಯಾ, ಹೆಣ್ಣು. ರಾತ್ರಿಯೆಲ್ಲ ಮಳೆ ಇತ್ತು.”